ಹಿಂದಿನ ಸೀಟಿನ ವೈಭವ, ಮುಂದಿನ ಸೀಟಿನ ಪಾಡು

ಅಂಬಾಸಿಡರ್ ಕಾರಿನ ಗುಣಗಾನ ಮಾಡುವವರನ್ನು ಸ್ವಲ್ಪ ಹೊತ್ತು ಮಾತಿಗೆಳೆದರೆ ಒಂದು ಸಂಗತಿ ತಾನಾಗಿಯೇ ಹೊರಬೀಳುತ್ತದೆ: ಅವರಲ್ಲಿ ಬಹುಪಾಲು ಮಂದಿ ಆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತವರು. ಮದುವೆ ದಿಬ್ಬಣದ ಜೊತೆ ಹೋದವರು, ಬಾಣಂತನಕ್ಕೆ ತವರಿಗೆ ಬಂದವರು, ದೊಡ್ಡ ರಜೆಯಲ್ಲಿ ಬಾಡಿಗೆ ಟ್ಯಾಕ್ಸಿ ಹಿಡಿದು ಧರ್ಮಸ್ಥಳ, ಶೃಂಗೇರಿ, ಹೊರನಾಡು ಸುತ್ತಿ ಬಂದವರು, ಸಾಹೇಬರ ಸಂಬಂಧಿಕರಾಗಿ ಸರ್ಕಾರಿ ಗಾಡಿಯ ಸುಖ ಕಂಡವರು. ನಾನೂ ಆ ಗುಂಪಿಗೇ ಸೇರಿದವನು. ಅಗಲವಾದ ಸೀಟು, ಕಾಲು ಚಾಚುವಷ್ಟು ಜಾಗ, ಗುಂಡಿ ಬಿದ್ದ ರಸ್ತೆಯಲ್ಲೂ ಮೈ ಕುಲುಕಿಸದ ನಡೆ, ಪಂಚೆ ಉಟ್ಟವರೂ ಸೀರೆ ಉಟ್ಟವರೂ ಬಗ್ಗದೆ ಕುಗ್ಗದೆ ಹತ್ತಿ ಇಳಿಯಬಹುದಾದ ಬಾಗಿಲು. ಇವೆಲ್ಲ ನಿಜ, ಇವುಗಳಲ್ಲಿ ಯಾವುದನ್ನೂ ಅಲ್ಲಗಳೆಯುವ ಅಗತ್ಯವಿಲ್ಲ.

ಆದರೆ ಅದೇ ಕಾರನ್ನು ಓಡಿಸಿ ಹೊಟ್ಟೆ ಹೊರೆದವರನ್ನು, ತಮ್ಮ ದುಡ್ಡಿನಲ್ಲಿ ಕೊಂಡು ಸಾಕಿದವರನ್ನು ಕೇಳಿದರೆ ಮಾತಿನ ಧಾಟಿ ಬದಲಾಗುತ್ತದೆ. ಅವರೂ ಅದನ್ನು ಬೈಯುವುದಿಲ್ಲ, ಅಥವಾ ಬೈದು ಮುಗಿದ ಮೇಲೆ ಒಂದು ನಗೆ ನಗುತ್ತಾರೆ. ಆ ನಗೆಗೆ ಮುಂಚೆ ಬರುವ ಪಟ್ಟಿ ಮಾತ್ರ ಉದ್ದವಾದದ್ದು: ಬೆಳಿಗ್ಗೆ ಸೆಲ್ಫ್ ಹೊಡೆಯದೆ ಹ್ಯಾಂಡಲ್ ಹಾಕಿ ತಿರುಗಿಸಿದ್ದು, ಘಾಟಿಯ ನಡುವೆ ರೇಡಿಯೇಟರ್ ಕುದಿದದ್ದು, ಮದುವೆ ಬಾಡಿಗೆಯ ದಿನವೇ ಗೇರು ಸಿಕ್ಕಿಕೊಂಡದ್ದು, ಬೋರ್ ಮಾಡಿಸಿದ ಎಂಜಿನ್ನನ್ನು ಎರಡು ವರ್ಷ ಕಳೆಯುವುದರೊಳಗೆ ಮತ್ತೆ ಇಳಿಸಿದ್ದು. ಹಾರನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತದೆ ಎಂಬ ಹಳೆಯ ತಮಾಷೆ ಹುಟ್ಟಿದ್ದೂ ಮುಂದಿನ ಸೀಟಿನಲ್ಲೇ ಇರಬೇಕು.

ಒಂದು ಕಾರಿನ ಪರಂಪರೆಯನ್ನು ಬರೆಯುವಾಗ ಹಿಂದಿನ ಸೀಟಿನ ನೆನಪುಗಳೇ ಇತಿಹಾಸವಾಗಿ ನಿಂತು, ಮುಂದಿನ ಸೀಟಿನ ಅನುಭವ ಅಡಿಟಿಪ್ಪಣಿಯಾಗಿಬಿಡುತ್ತದೆ ಎಂಬುದು ನನ್ನ ತಕರಾರು. ಅಂಬಾಸಿಡರ್‌ನ ವಿಷಯದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಆ ಕಾರನ್ನು ಐವತ್ತಕ್ಕೂ ಹೆಚ್ಚು ವರ್ಷ ರಸ್ತೆಯ ಮೇಲೆ ಉಳಿಸಿದ್ದು ಕಾರ್ಖಾನೆಗಿಂತ ಹೆಚ್ಚಾಗಿ ಅದರ ಡ್ರೈವರುಗಳು, ಮಾಲೀಕರು ಮತ್ತು ಊರೂರಿನ ಗ್ಯಾರೇಜುಗಳು.

ಮೊದಲು ವಂಶಾವಳಿ. ಬಿ.ಎಂ. ಬಿರ್ಲಾ ಅವರ ಹಿಂದುಸ್ತಾನ್ ಮೋಟಾರ್ಸ್ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಶುರುವಾಯಿತು. ಹೊರಗಿನಿಂದ ಬಂದ ಬಿಡಿಭಾಗಗಳನ್ನು ಜೋಡಿಸುವುದು ಅಲ್ಲಿನ ಕೆಲಸವಾಗಿತ್ತು. 1948ರಲ್ಲಿ ಕಂಪನಿ ಕಲ್ಕತ್ತೆಯ ಹತ್ತಿರದ ಉತ್ತರಪಾಡಾಕ್ಕೆ ಬಂತು. ಆ ಕಾರ್ಖಾನೆಯ ಸುತ್ತ ಬೆಳೆದ ಊರಿಗೆ, ರೈಲು ನಿಲ್ದಾಣಕ್ಕೆ ಇವತ್ತಿಗೂ ಹಿಂದ್‌ಮೋಟರ್ ಎಂದೇ ಹೆಸರು. ಮೊದಮೊದಲು ಬಂದ ಹಿಂದುಸ್ತಾನ್ 10, ಬೇಬಿ ಹಿಂದುಸ್ತಾನ್, ಹಿಂದುಸ್ತಾನ್ 14, 1954ರ ಲ್ಯಾಂಡ್‌ಮಾಸ್ಟರ್ ಎಲ್ಲವೂ ಬ್ರಿಟನ್ನಿನ ಮಾರಿಸ್ ಕಂಪನಿಯ ಕಾರುಗಳೇ. ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಸರಣಿ 1956ರಲ್ಲಿ ಇಂಗ್ಲೆಂಡಿನ ಕೌಲಿಯಲ್ಲಿ ಬಿಡುಗಡೆಯಾಯಿತು. ಅದರ ಅಚ್ಚು, ಹತ್ಯಾರಗಳೆಲ್ಲ ಇಲ್ಲಿಗೆ ಬಂದು 1957-58ರ ಹೊತ್ತಿಗೆ ಅದೇ ಅಂಬಾಸಿಡರ್ ಆಯಿತು. ಇಂಗ್ಲೆಂಡಿನವರು ಆ ಮಾದರಿಯನ್ನು 1959ರಲ್ಲಿ ಕೈಬಿಟ್ಟರು. ನಾವು 2014ರವರೆಗೆ ಬಿಡಲಿಲ್ಲ.

ಆ ಮೂಲ ವಿನ್ಯಾಸ ಕೆಟ್ಟದ್ದಾಗಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲವಾದರೆ ಮುಂದೆ ಹೇಳುವ ದೂರುಗಳು ಅನ್ಯಾಯವೆನಿಸುತ್ತವೆ. ಬೇರೆ ಚಾಸಿ ಇಲ್ಲದೆ ಇಡೀ ಮೈಯೇ ಒಂದು ಗಟ್ಟಿ ಪೆಟ್ಟಿಗೆಯಾಗಿ ಭಾರ ಹೊರುವ ಕಟ್ಟಡ, ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗಿನ ಬದಲು ತಿರುಚುವ ಉದ್ದನೆಯ ಉಕ್ಕಿನ ಸರಳು, ರ‍್ಯಾಕ್ ಆ್ಯಂಡ್ ಪಿನಿಯನ್ ಸ್ಟಿಯರಿಂಗ್ ಇವೆಲ್ಲ 1950ರ ದಶಕದ ಸಾಮಾನ್ಯ ಕುಟುಂಬದ ಕಾರಿಗೆ ಒಳ್ಳೆಯ ಲಕ್ಷಣಗಳೇ. ಮಾರಿಸ್ ಮೈನರ್ ರೂಪಿಸಿದ ಅಲೆಕ್ ಇಸ್ಸಿಗೋನಿಸ್‌ನ ಆಲೋಚನೆಯ ಗುರುತುಗಳು ಇದರ ಮುಂಭಾಗದ ಜೋಡಣೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಮೊದಲು ಹಳೆಯ ಸೈಡ್‌ವಾಲ್ವ್ ಎಂಜಿನ್ ಇತ್ತು; ಸ್ವಲ್ಪದರಲ್ಲೇ 1489 ಸಿಸಿಯ ಬಿ-ಸೀರೀಸ್ ಎಂಜಿನ್ ಬಂತು. ಈ ಎಂಜಿನ್ ಕುಟುಂಬ ಬ್ರಿಟನ್ನಿನಲ್ಲಿ ಎಂಜಿ ಸ್ಪೋರ್ಟ್ಸ್ ಕಾರುಗಳನ್ನೂ ಎಳೆದಿದೆ. ಹೀಗಾಗಿ ರಕ್ತದಲ್ಲಿ ದೋಷವಿತ್ತೆಂದು ಹೇಳುವ ಹಾಗಿಲ್ಲ.

ದೋಷ ಇದ್ದದ್ದು ತಯಾರಿಕೆಯಲ್ಲಿ, ಮತ್ತು ಆ ತಯಾರಿಕೆಯನ್ನು ಪ್ರಶ್ನಿಸುವವರು ಇಲ್ಲದ ಮಾರುಕಟ್ಟೆಯಲ್ಲಿ. 1949ರಲ್ಲಿ ಪೂರ್ಣ ಕಾರುಗಳ ಆಮದು ನಿಂತಿತು. 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ಬಿಡಿಭಾಗಗಳನ್ನು ಇಲ್ಲೇ ತಯಾರಿಸುವ ಯೋಜನೆಯಿಲ್ಲದೆ ಬರೀ ಜೋಡಿಸುವ ಕಂಪನಿಗಳು ಬಾಗಿಲು ಹಾಕಬೇಕಾಯಿತು. ಫೋರ್ಡ್, ಜನರಲ್ ಮೋಟಾರ್ಸ್ ಹೊರಟುಹೋದವು. ಉಳಿದದ್ದು ಮೂರು ಮನೆ: ಉತ್ತರಪಾಡಾದ ಅಂಬಾಸಿಡರ್, ಬೊಂಬಾಯಿಯ ಪ್ರೀಮಿಯರ್‌ನವರ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಸ್ವದೇಶಿ ಕೈಗಾರಿಕೆ ಬೆಳೆಯಬೇಕೆಂಬ ಉದ್ದೇಶವನ್ನು ನಾನು ತಪ್ಪೆನ್ನುವುದಿಲ್ಲ. ಬಿಡಿಭಾಗ ತಯಾರಿಸುವ ನೂರಾರು ಸಣ್ಣ ಕಾರ್ಖಾನೆಗಳು ಈ ದೇಶದಲ್ಲಿ ಬೇರು ಬಿಟ್ಟದ್ದು ಆ ನೀತಿಯಿಂದಲೇ. ಆದರೆ ಗಿರಾಕಿ ಮುಂಗಡ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿರುವಾಗ, ಕಾರಿನ ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ ಎಂದು ನೋಡುವ ಆತುರ ಕಾರ್ಖಾನೆಯ ಯಾರಿಗೂ ಇರುವುದಿಲ್ಲ.

ಇದು ನನ್ನೊಬ್ಬನ ಊಹೆಯಲ್ಲ. ದೇಶದ ಕಾರುಗಳ ಗುಣಮಟ್ಟದ ಬಗ್ಗೆ ದೂರುಗಳು ಎಷ್ಟು ಹೆಚ್ಚಿದವೆಂದರೆ, ಅದನ್ನು ವಿಚಾರಿಸಲೆಂದೇ ಕೇಂದ್ರ ಸರ್ಕಾರ 1967ರಲ್ಲಿ ಒಂದು ಸಮಿತಿ ನೇಮಿಸಬೇಕಾಯಿತು. ಕಾರು ಕೊಳ್ಳುವ ಶಕ್ತಿಯಿದ್ದವರು ಬೆರಳೆಣಿಕೆಯಷ್ಟಿದ್ದ, ಅಕ್ಕಿ ಗೋಧಿಯ ಚಿಂತೆಯೇ ದೊಡ್ಡದಾಗಿದ್ದ ಕಾಲದಲ್ಲಿ ಕಾರಿನ ಗುಣಮಟ್ಟಕ್ಕೊಂದು ವಿಚಾರಣಾ ಸಮಿತಿ ಎಂದರೆ ಮಾಲೀಕರ ಸಿಟ್ಟು ಯಾವ ಮಟ್ಟ ಮುಟ್ಟಿತ್ತೆಂದು ಊಹಿಸಬಹುದು. 1969ರಲ್ಲಿ ಸರ್ಕಾರ ಕಾನೂನಿನ ಮೂಲಕವೇ ಕಾರುಗಳ ಬೆಲೆ ನಿಗದಿ ಮಾಡಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ನ್ಯಾಯಯುತ ಬೆಲೆ ಎಷ್ಟು ಎಂಬುದನ್ನು ತನಿಖೆ ಮಾಡಿಸಿ ನ್ಯಾಯಾಲಯ 1971ರಲ್ಲಿ ತೀರ್ಪು ಕೊಟ್ಟಿತು. ಬೆಲೆ ಏರಿಸಲು ಬಿಡದಿದ್ದರೆ ಹೊಸ ಹತ್ಯಾರಕ್ಕೆ, ಗುಣಮಟ್ಟಕ್ಕೆ ಹಣ ಎಲ್ಲಿಂದ ತರುವುದು ಎಂಬುದು ತಯಾರಕರ ವಾದವಾಗಿತ್ತು. ಅದರಲ್ಲಿ ಸ್ವಲ್ಪ ಹುರುಳಿತ್ತು, ಪೂರ್ತಿ ಇರಲಿಲ್ಲ. ಏಕೆಂದರೆ ನಿಯಂತ್ರಣಗಳೆಲ್ಲ ಸಡಿಲಗೊಂಡು ಹೋದ ಮೇಲೂ ಅಂಬಾಸಿಡರ್‌ನ ಬಾಗಿಲಿನ ಸಂದು ಅಷ್ಟೇ ಅಗಲವಾಗಿತ್ತು.

ಇನ್ನು ದೂರುಗಳ ಒಳಗೆ ಸ್ವಲ್ಪ ಇಳಿಯೋಣ. ಕಾರು ಕೈಕೊಟ್ಟಿತು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರೆ ಅದನ್ನು ಸಾಕಿದವರ ಕಷ್ಟ ಅರ್ಥವಾಗುವುದಿಲ್ಲ.

ಬೇಸಿಗೆಯಲ್ಲಿ ಪೆಟ್ರೋಲ್ ಅಂಬಾಸಿಡರ್‌ನ ಮೊದಲ ಶತ್ರು ಡ್ರೈವರುಗಳ ಬಾಯಲ್ಲಿ ಏರ್ ಲಾಕ್ ಎನ್ನಿಸಿಕೊಳ್ಳುವ ತೊಂದರೆ. ಪೆಟ್ರೋಲ್ ಪಂಪ್ ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಎಂಜಿನ್ ವಿಪರೀತ ಕಾದಾಗ ಪಂಪಿನಲ್ಲೂ ಕೊಳವೆಯಲ್ಲೂ ಇರುವ ಪೆಟ್ರೋಲ್ ಆವಿಯಾಗುತ್ತದೆ; ಪಂಪಿನ ಒಳಗಿನ ತೆಳು ಪರದೆ ದ್ರವವನ್ನು ತಳ್ಳಬಲ್ಲದೇ ಹೊರತು ಆವಿಯನ್ನಲ್ಲ. ಎಂಜಿನ್ ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಆಗ ಡ್ರೈವರ್ ಇಳಿದು, ಬಾನೆಟ್ ಎತ್ತಿ, ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಪಂಪಿನ ಮೇಲೆ ಸುತ್ತಿ, ಒಂದು ಬೀಡಿ ಮುಗಿಯುವಷ್ಟು ಹೊತ್ತು ಕಾದು ಮತ್ತೆ ಸ್ಟಾರ್ಟ್ ಮಾಡುತ್ತಿದ್ದ. ಆ ಬಟ್ಟೆ ಮತ್ತು ಒಂದು ಕ್ಯಾನ್ ನೀರು ಡಿಕ್ಕಿಯಲ್ಲಿ ಸ್ಟೆಪ್ನಿಯಷ್ಟೇ ಕಡ್ಡಾಯ. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯನ್ನೋ ಚಾರ್ಮಾಡಿಯನ್ನೋ ಮೈತುಂಬ ಜನ ಹೇರಿಕೊಂಡು, ಮುಂದೊಂದು ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ಏರುವಾಗ ಗಾಳಿಯ ಹರಿವು ಕಡಿಮೆಯಾಗಿ, ಎಂಜಿನ್ ಗರಗರ ತಿರುಗಿ, ರೇಡಿಯೇಟರ್ ಕುದಿಯುವುದು ಯಾವ ಡ್ರೈವರನಿಗೂ ಅಚ್ಚರಿಯ ವಿಷಯವಾಗಿರಲಿಲ್ಲ. ಹಿಂದೆ ಕುಳಿತವರಿಗೆ ಅದು ಕಾಡಿನ ನಡುವೆ ಇಳಿದು ಮೈ ಮುರಿಯಲು ಸಿಕ್ಕ ಒಂದು ನಿಲುಗಡೆ. ನನ್ನ ಬಾಲ್ಯದ ಘಾಟಿ ಪ್ರಯಾಣಗಳ ಸವಿನೆನಪಿನಲ್ಲಿ ಅಂಥ ನಿಲುಗಡೆಗಳಿಗೇ ಹೆಚ್ಚು ಜಾಗ ಇದೆ. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಮುಖ ಆ ಕಡೆ ತಿರುಗಿಸಿಕೊಂಡು ಬಿಚ್ಚುತ್ತಿದ್ದವನಿಗೆ ಅದು ಸವಿನೆನಪಾಗಿ ಉಳಿದಿರಲಾರದು.

ಎರಡನೆಯದು ಹ್ಯಾಂಡ್ ಗೇರು. ಸ್ಟಿಯರಿಂಗ್ ಕಂಬದ ಪಕ್ಕದಲ್ಲಿ ಗೇರಿನ ಹಿಡಿ ಇಟ್ಟದ್ದರಿಂದ ಮುಂದಿನ ಉದ್ದ ಸೀಟಿನಲ್ಲಿ ಡ್ರೈವರನ ಜೊತೆ ಮತ್ತಿಬ್ಬರು ಕೂರಲು ಜಾಗವಾಯಿತು; ಕರಾವಳಿ ಮಲೆನಾಡಿನ ಸರ್ವಿಸ್ ಟ್ಯಾಕ್ಸಿಗಳಲ್ಲಿ ಆ ಜಾಗಕ್ಕೆ ಮೂವರೂ ತೂರಿಕೊಂಡು, ಡ್ರೈವರ್ ಅರ್ಧ ಮೈ ಕಿಟಕಿಯ ಹೊರಗೆ ಹಾಕಿಕೊಂಡು ಓಡಿಸುತ್ತಿದ್ದ. ಆದರೆ ಹಿಡಿಯಿಂದ ಗೇರ್‌ಬಾಕ್ಸಿನವರೆಗೆ ಹಲವು ಸರಳು, ಸಂದು, ಬುಷ್‌ಗಳ ಸಾಲೇ ಇದೆ. ಅವು ಒಂದೊಂದಾಗಿ ಸವೆದಂತೆ ಗೇರು ಎಲ್ಲಿ ಬಿತ್ತೆಂದು ಕೈಗೆ ತಿಳಿಯದಾಗುತ್ತದೆ, ಕಡೆಗೊಂದು ದಿನ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಾಗುತ್ತದೆ. ಆಗ ಬಾನೆಟ್ ಎತ್ತಿ, ಬಗ್ಗಿ, ಸರಳುಗಳನ್ನು ಕೈಯಿಂದಲೇ ಎಳೆದು ನ್ಯೂಟ್ರಲ್‌ಗೆ ತರಬೇಕು. ಇದನ್ನು ಕಣ್ಣು ಮುಚ್ಚಿಕೊಂಡು ಮಾಡಬಲ್ಲ ಡ್ರೈವರುಗಳಿದ್ದರು. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಇಳಿದು, ಗೇರು ಬಿಡಿಸಿ, ಹಸಿರು ದೀಪ ಬರುವುದರೊಳಗೆ ಬಂದು ಕೂತದ್ದನ್ನು ಹೆಮ್ಮೆಯಿಂದ ಹೇಳುತ್ತಾರೆ. ಆ ಹೆಮ್ಮೆ ನ್ಯಾಯವಾದದ್ದೇ. ಅದನ್ನು ಕಾರಿನ ಲೆಕ್ಕಕ್ಕೆ ಜಮಾ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮೂರನೆಯದು ಎಣ್ಣೆ. ಬಿ-ಸೀರೀಸ್ ಎಂಜಿನ್ನಿನ ಕ್ರ್ಯಾಂಕಿನ ಹಿಂಬದಿಯಲ್ಲಿ ರಬ್ಬರ್ ಸೀಲ್ ಇಲ್ಲ. ತಿರುಗುವ ದಂಡದ ಮೇಲೆ ಕೊರೆದ ಸುರುಳಿ ಗೀರುಗಳು ಎಣ್ಣೆಯನ್ನು ಒಳಕ್ಕೆ ವಾಪಸು ತಳ್ಳುತ್ತವೆ. ಅಳತೆಗಳು ಕರಾರುವಾಕ್ಕಾಗಿದ್ದರೆ ಈ ಉಪಾಯ ನಡೆಯುತ್ತದೆ. ಬೇರಿಂಗ್ ಸ್ವಲ್ಪ ಸವೆದರೆ, ಅಥವಾ ಕಾರ್ಖಾನೆಯಲ್ಲೇ ಅಳತೆ ಅತ್ತಿತ್ತಲಾಗಿದ್ದರೆ, ಎಣ್ಣೆ ಹೊರಬಂದು ಕ್ಲಚ್ ಪ್ಲೇಟಿಗೂ ನೆಲಕ್ಕೂ ಹಂಚಿಹೋಗುತ್ತದೆ. ಮನೆಯ ಮುಂದಿನ ಕಾಂಕ್ರೀಟಿನ ಮೇಲಿನ ಕಪ್ಪು ಕಲೆ ನೋಡಿ ಇಲ್ಲಿ ಅಂಬಾಸಿಡರ್ ನಿಲ್ಲುತ್ತದೆ ಎಂದು ಹೇಳಬಹುದಿತ್ತು. ಮುಂದಿನ ಚಕ್ರಗಳನ್ನು ಹೊರಳಿಸುವ ಕೀಲಾದ ಕಿಂಗ್‌ಪಿನ್‌ಗೆ ತಪ್ಪದೆ ಗ್ರೀಸ್ ಹೊಡೆಯದಿದ್ದರೆ ಮುಂದಿನ ಚಕ್ರಗಳು ಆಡಲು ಶುರುವಾಗುವುದು, ನಾಲ್ಕೂ ಚಕ್ರಕ್ಕಿದ್ದ ಡ್ರಮ್ ಬ್ರೇಕುಗಳು ಇಳಿಜಾರಿನಲ್ಲಿ ಕಾದು ಸೋಲುವುದು, ಮಲೆನಾಡಿನ ಮಳೆಯಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿಂದ ಇಳಿದ ನೀರು ಮ್ಯಾಟಿನಡಿ ನಿಂತು ನೆಲದ ತಗಡನ್ನು ತಿನ್ನುವುದು ಇತ್ಯಾದಿಗಳನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ.

ಇಷ್ಟು ಕೈಕೊಟ್ಟ ಕಾರು ಇಷ್ಟು ಕಾಲ ಹೇಗೆ ಉಳಿಯಿತು? ಕೆಟ್ಟರೂ ಎಲ್ಲಿಯಾದರೂ ರಿಪೇರಿ ಮಾಡಬಹುದು ಎಂಬುದು ಸಾಮಾನ್ಯ ಉತ್ತರ. ಉತ್ತರ ಸರಿ, ಅದರ ಒಳಗೆ ಅಡಗಿರುವ ಕೈಗಳನ್ನು ನೋಡಬೇಕಾದರೆ ಒಳ್ಳೆಯ ಮೆಕ್ಯಾನಿಕ್ ಒಬ್ಬ ಈ ಎಂಜಿನ್ನಿಗೆ ಟ್ಯಾಪೆಟ್ ಸೆಟ್ ಮಾಡುವುದನ್ನು, ಅಂದರೆ ವಾಲ್ವ್‌ಗಳ ಸಂದು ಸರಿಪಡಿಸುವುದನ್ನು, ಹತ್ತಿರ ನಿಂತು ನೋಡಬೇಕು. ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ, ಮಾಲೀಕರೊಬ್ಬರು ಅಕ್ಕರೆಯಿಂದ ಇಟ್ಟುಕೊಂಡ ಹಳೆಯ ಮಾರ್ಕ್ 2 ಗಾಡಿಯ ಮೇಲೆ ಈ ಕೆಲಸ ನಡೆಯುವುದನ್ನು ನಾನು ನೋಡಿದ್ದೇನೆ. ಟ್ಯಾಪೆಟ್ ಕವರ್ ತೆಗೆದರೆ ಎಂಟು ವಾಲ್ವ್‌ಗಳ ಸಾಲು ಕಾಣುತ್ತದೆ. ಒಂದೊಂದರ ತಲೆಗೂ ಅದನ್ನು ಒತ್ತುವ ರಾಕರಿಗೂ ನಡುವೆ 0.015 ಅಂಗುಲದ ಸಂದು ಇರಬೇಕು. ಅದನ್ನು ಅಳೆಯಬೇಕಾದರೆ ಆ ವಾಲ್ವ್ ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿರಬೇಕು. ಅದು ಮುಚ್ಚಿದೆಯೆಂದು ತಿಳಿಯುವುದು ಹೇಗೆ? ಇದಕ್ಕೊಂದು ಒಂಬತ್ತರ ಲೆಕ್ಕ ಇದೆ: ಎಂಟನೆಯ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಹಿಡಿ, ಆರನೆಯದು ತೆರೆದಾಗ ಮೂರನೆಯದನ್ನು ಹಿಡಿ, ಎರಡೂ ಕೂಡಿದರೆ ಒಂಬತ್ತಾಗಬೇಕು. ಆ ಮೆಕ್ಯಾನಿಕ್ ಹ್ಯಾಂಡಲನ್ನು ಇಷ್ಟಿಷ್ಟೇ ತಿರುಗಿಸುತ್ತ, ಫೀಲರ್ ಗೇಜಿನ ಉಕ್ಕಿನ ಎಲೆಯನ್ನು ಸಂದಿನಲ್ಲಿ ಜಾರಿಸಿ, ತುಸು ಹಿಡಿದಂತಾಗಿ ಬಿಡಬೇಕು ಎನ್ನುವ ಹದ ಸಿಗುವವರೆಗೆ ಸ್ಕ್ರೂ ತಿರುಗಿಸಿ, ನಟ್ ಬಿಗಿದು, ಬಿಗಿದ ಮೇಲೆ ಮತ್ತೊಮ್ಮೆ ಎಲೆ ಹಾಕಿ ನೋಡುತ್ತಿದ್ದ. ನಟ್ ಬಿಗಿಯುವಾಗ ಸ್ಕ್ರೂ ಕೂದಲೆಳೆಯಷ್ಟು ತಿರುಗುವುದೂ ಅವನ ಲೆಕ್ಕದಲ್ಲಿತ್ತು. ಈ ಒಂಬತ್ತರ ಲೆಕ್ಕವನ್ನು ಅವನು ಯಾವ ಪುಸ್ತಕದಲ್ಲೂ ಓದಿದವನಲ್ಲ. ಅವನ ಮೇಸ್ತ್ರಿ ಹೇಳಿಕೊಟ್ಟದ್ದು.

ಅಂಥವರು ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಇದ್ದರು. ಅವರು ಇದ್ದದ್ದಕ್ಕೆ ಕಾರಣ ಆ ಕಾರು ಪದೇ ಪದೇ ಅವರ ಬಾಗಿಲಿಗೆ ಬರುತ್ತಿದ್ದದ್ದು, ಮತ್ತು ವರ್ಷ ಉರುಳಿದರೂ ಅದು ಬದಲಾಗದೆ ಇದ್ದದ್ದು. ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ ಎಂದು ಹೆಸರೂ ಮುಂದಿನ ಜಾಲರಿಯೂ ಬದಲಾದವು. ಒಳಗೆ ಅದೇ ಗಾಡಿ. ಹೊಸದು ಕಲಿಯಬೇಕಾಗಿಲ್ಲದ ಮೆಕ್ಯಾನಿಕ್ ಹಳೆಯದರಲ್ಲಿ ಪಳಗುತ್ತ ಹೋದ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಲ್ಲಿ ಹೊಸ ಭಾಗ ಸಿಗುತ್ತಿತ್ತು, ಶಿವಾಜಿನಗರದ ಗುಜರಿಗಳಲ್ಲಿ ಹಳೆಯದು. ಎರಡೂ ಸಿಗದಿದ್ದರೆ ಲೇತ್ ಇಟ್ಟವನು ಕಡೆದು ಕೊಡುತ್ತಿದ್ದ. ಕಾರಿನ ಗಟ್ಟಿತನವೆಂದು ನಾವು ಕೊಂಡಾಡುವುದರಲ್ಲಿ ದೊಡ್ಡ ಪಾಲು ಈ ಕೈಗಳ ಗಟ್ಟಿತನ, ಮತ್ತು ಅದಕ್ಕೆ ತಿಂಗಳು ತಿಂಗಳೂ ಹಣ ಸುರಿದದ್ದು ಮಾಲೀಕ. ಹಾಲಿಗಿಂತ ಹಿಂಡಿಯ ಖರ್ಚು ಹೆಚ್ಚಾದರೂ ಹಟ್ಟಿಯಲ್ಲಿ ಇನ್ನೊಂದು ಹಸು ಇಲ್ಲದವನು ಇದ್ದದ್ದನ್ನೇ ಸಾಕುತ್ತಾನೆ.

ಅತಿ ದೊಡ್ಡ ಗಿರಾಕಿಗೆ ಈ ಖರ್ಚು ಕಾಣಲೇ ಇಲ್ಲ ಎಂಬುದು ಈ ಕಥೆಯ ವಿಚಿತ್ರ. ಸರ್ಕಾರ ಬಿಳಿ ಅಂಬಾಸಿಡರ್‌ಗಳನ್ನು ಸಾಲು ಸಾಲಾಗಿ ಕೊಂಡಿತು. ವಿಧಾನಸೌಧದ ಅಂಗಳದಲ್ಲಿ ಕೆಂಪು ದೀಪ ಹೊತ್ತು ನಿಂತ ಅವುಗಳ ನೋಟ ಒಂದು ಕಾಲದ ಅಧಿಕಾರದ ಗುರುತೇ ಆಗಿತ್ತು. ಅವುಗಳ ರಿಪೇರಿಗೆ ಸರ್ಕಾರಿ ವರ್ಕ್‌ಶಾಪು, ಕುದಿದರೆ ನೀರು ಹಾಕಲು ಸರ್ಕಾರಿ ಡ್ರೈವರು, ಒಂದು ಕೆಟ್ಟರೆ ಇನ್ನೊಂದು ಗಾಡಿ. ದೂರು ಕೊಟ್ಟರೆ ಕಂಪನಿ ಕೇಳಲೇಬೇಕಾಗಿದ್ದ ಗಿರಾಕಿ ಹಿಂದಿನ ಸೀಟಿನಲ್ಲಿ ಫೈಲು ನೋಡುತ್ತ ಕುಳಿತಿದ್ದ. ದೂರುಗಳಿದ್ದವನು ಸಾಲ ಮಾಡಿ ಟ್ಯಾಕ್ಸಿ ತೆಗೆದ ಮನುಷ್ಯ. ಅವನ ಮಾತು ಉತ್ತರಪಾಡಾದವರೆಗೆ ಹೋಗುವುದು ಹೇಗೆ?

ಆ ಟ್ಯಾಕ್ಸಿಯವನಿಗೆ ಕಂಪನಿಯಿಂದ ನಿಜವಾಗಿ ಉಪಕಾರವಾದದ್ದು ಎರಡು ಸಲ. 1980ರಲ್ಲಿ ಡೀಸೆಲ್ ಅಂಬಾಸಿಡರ್ ಬಂತು. ನಲವತ್ತು ಅಶ್ವಶಕ್ತಿಯನ್ನೂ ಮುಟ್ಟದ ಎಂಜಿನ್, ನಿಂತಲ್ಲೇ ಇಡೀ ಗಾಡಿ ನಡುಗುತ್ತಿತ್ತು. ಆದರೆ ಏರ್ ಲಾಕಿನ ಕಾಟ ತಪ್ಪಿತು, ಇಂಧನದ ಖರ್ಚು ಇಳಿಯಿತು, ಕರಾವಳಿ ಮಲೆನಾಡಿನ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಡೀಸೆಲ್ ಗಾಡಿಯೇ ರಾಜನಾಯಿತು. ಇನ್ನೊಂದು, 1990ರ ದಶಕದ ಆರಂಭದಲ್ಲಿ ಬಂದ 1800 ಐಎಸ್‌ಝಡ್: ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್, ಐದು ಗೇರು. ಈ ಎಂಜಿನ್ ಹಾಕಿದ ಗಾಡಿಗಳನ್ನು ಮಾಲೀಕರು ಇವತ್ತಿಗೂ ಹುಡುಕಿ ಕೊಳ್ಳುತ್ತಾರೆ. ಎಂಜಿನ್ ನಂಬಿಕೆಗೆ ಯೋಗ್ಯವಾದ ಕ್ಷಣವೇ ಅದರ ಸುತ್ತಲಿನ ಕಾರು ಎಷ್ಟು ಹಿಂದುಳಿದಿತ್ತೆಂಬುದೂ ಬಯಲಾಯಿತು. ವೇಗ ಬಂತು, ಆ ವೇಗಕ್ಕೆ ತಕ್ಕ ಬ್ರೇಕೂ ಸ್ಟಿಯರಿಂಗೂ ಬರುವುದು ತಡವಾಯಿತು. ಕಾರ್ಖಾನೆಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿರಲಿಲ್ಲ.

ಅಷ್ಟರಲ್ಲಿ ಮಾರುತಿ ಬಂದು ಹತ್ತು ವರ್ಷವಾಗಿತ್ತು. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800ರ ಕೀಲಿಕೈ ಕೊಟ್ಟಾಗ ಅದಕ್ಕೆ ಮುಂಗಡ ಕಟ್ಟಿ ಕಾಯುತ್ತಿದ್ದವರು ಲಕ್ಷಕ್ಕೂ ಹೆಚ್ಚು. ಅಂಬಾಸಿಡರ್‌ನ ಜಾಗ, ಗಟ್ಟಿತನ ಯಾವುದೂ ಆ ಪುಟ್ಟ ಕಾರಿಗೆ ಇರಲಿಲ್ಲ. ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು, ಹೊರಟರೆ ಊರು ಮುಟ್ಟಿಸುತ್ತಿತ್ತು. ಕಾರೆಂದರೆ ಹೀಗೂ ಇರಬಹುದು ಎಂದು ಗೊತ್ತಾದ ಮೇಲೆ ಮಧ್ಯಮ ವರ್ಗ ಹಿಂದಿರುಗಿ ನೋಡಲಿಲ್ಲ. ಇದಕ್ಕೆ ಪ್ರತಿಯಾಗಿ ಹಳೆಯ ಮನೆಗಳು ಹೂಡಿದ ಆಟಗಳಲ್ಲಿ ಮದರಾಸಿನ ಸ್ಟ್ಯಾಂಡರ್ಡ್‌ನವರದು ತೀರ ದಯನೀಯ: 1985ರಲ್ಲಿ ಬ್ರಿಟನ್ನಿನ ರೋವರ್ ಎಸ್‌ಡಿ1ರ ಸುಂದರ ಮೈಯೊಳಗೆ ದಶಕಗಳಷ್ಟು ಹಳೆಯ ಎರಡು ಲೀಟರ್ ಎಂಜಿನ್ ಕೂರಿಸಿ ಸ್ಟ್ಯಾಂಡರ್ಡ್ 2000 ಎಂದು ಹೆಸರಿಟ್ಟರು, ಮೂರು ವರ್ಷಕ್ಕೆ ಕಾರೂ ಹೋಯಿತು, ಕಾರು ಮಾಡುವ ಕೆಲಸವೂ ನಿಂತಿತು. ಅಂಬಾಸಿಡರ್ ಹಾಗೆ ಬೀಳಲಿಲ್ಲ, ಸೊರಗುತ್ತ ಹೋಯಿತು. 1980ರ ದಶಕದ ನಡುವೆ ವರ್ಷಕ್ಕೆ ಸುಮಾರು 24,000 ಕಾರು ಮಾರುತ್ತಿದ್ದವರು ಕೊನೆಯ ವರ್ಷಗಳಲ್ಲಿ ಎರಡು ಸಾವಿರ ಚಿಲ್ಲರೆಗೆ ಇಳಿದರು. 2010ರಲ್ಲಿ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಿಗೆ ಭಾರತ್ ಸ್ಟೇಜ್ 4 ಹೊಗೆ ನಿಯಮ ಬಂದಾಗ ಅದಕ್ಕೆ ತಕ್ಕ ಎಂಜಿನ್ ಕಂಪನಿಯ ಕೈಯಲ್ಲಿ ಸಿದ್ಧವಿರಲಿಲ್ಲ. 2013ರಲ್ಲಿ ಬ್ರಿಟನ್ನಿನ ಟಿವಿ ಕಾರ್ಯಕ್ರಮವೊಂದು ಅಂಬಾಸಿಡರನ್ನು ಜಗತ್ತಿನ ಅತ್ಯುತ್ತಮ ಟ್ಯಾಕ್ಸಿ ಎಂದು ಆರಿಸಿತು. ಮರುವರ್ಷ ಮೇ 24ರಂದು ಉತ್ತರಪಾಡಾದಲ್ಲಿ ಕೆಲಸ ನಿಂತಿತು. ಆಗ ಸುಮಾರು 2,600 ಕಾರ್ಮಿಕರು ಅಲ್ಲಿದ್ದರು.

2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪೂಜೋ ಗುಂಪಿಗೆ 80 ಕೋಟಿ ರೂಪಾಯಿಗೆ ಮಾರಲಾಯಿತು. ಅಂದರೆ ಕಾರ್ಖಾನೆಯಲ್ಲ, ಕಾರಲ್ಲ, ಹೆಸರು ಮತ್ತು ಅದಕ್ಕೆ ಸೇರಿದ ಟ್ರೇಡ್‌ಮಾರ್ಕ್. ಹಳೆಯ ಹೆಸರುಗಳನ್ನು ಕೊಂಡು ಮಾರುವುದು ಕಾರು ವ್ಯಾಪಾರದಲ್ಲಿ ಹೊಸದೇನಲ್ಲ. ಆ 80 ಕೋಟಿಯ ಬೆಲೆ ಯಾವುದರಿಂದ ಬಂತು ಎಂದು ಯೋಚಿಸಿದರೆ ಮಾತ್ರ ಮುಂದಿನ ಸೀಟಿನವರು ಮತ್ತೆ ನೆನಪಾಗುತ್ತಾರೆ. 2014ರ ಗುಣಮಟ್ಟಕ್ಕಂತೂ ಯಾರೂ ಅಷ್ಟು ಕೊಡುತ್ತಿರಲಿಲ್ಲ. ಕಾರು ನಿಲ್ಲದೆ ಓಡುತ್ತದೆ ಎಂಬ ಹೆಸರನ್ನು ಉಳಿಸಿದ್ದು ಅದು ನಿಂತಾಗಲೆಲ್ಲ ಇಳಿದು ಓಡಿಸಿದವರು.

ಈಗ ಉಳಿದಿರುವ ಗಾಡಿಗಳ ಮಾಲೀಕರ ಮುಂದಿರುವ ತೊಡಕು ಬೇರೆ ಬಗೆಯದು. ಸಾಮಾನ್ಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಫಿಟ್‌ನೆಸ್ ತೋರಿಸಿ ನವೀಕರಿಸಬೇಕು. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿತು. ಇನ್ನೊಂದು ದಾರಿ 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನೋಂದಣಿ: ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ 20,000 ರೂಪಾಯಿ ಕಟ್ಟಿದರೆ ವಿಎ ಅಕ್ಷರಗಳ ವಿಶೇಷ ನಂಬರ್ ಪ್ಲೇಟು, ಹತ್ತು ವರ್ಷದ ಮಾನ್ಯತೆ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಇಂಧನ ತುಂಬಿಸಲು ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೆ ಇಲ್ಲ. ಅದಕ್ಕಿಂತ ಮುಖ್ಯವಾಗಿ, ವಾಹನ ತನ್ನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು.

1960ರ ದಶಕದ ಅಂಬಾಸಿಡರ್ ಒಂದನ್ನು ನಿಜವಾಗಿ ಓಡಿಸಿಕೊಂಡು ಬಂದವನು ಈ ಷರತ್ತನ್ನು ಹೇಗೆ ಪೂರೈಸಬೇಕು? ಪೆಟ್ರೋಲ್ ಎಂಜಿನ್ ಕೈಕೊಟ್ಟಾಗ ಡೀಸೆಲ್ ಕೂರಿಸಿರುತ್ತಾನೆ, ಇಲ್ಲವೇ ಇಸುಜು ಎಂಜಿನ್ ಹಾಕಿಸಿ ಗೇರನ್ನು ನೆಲಕ್ಕಿಳಿಸಿರುತ್ತಾನೆ, ತುಕ್ಕು ತಿಂದ ನೆಲವನ್ನು ಕತ್ತರಿಸಿ ಹೊಸ ತಗಡು ಬೆಸೆಸಿರುತ್ತಾನೆ. ಹಾಗೆ ಮಾಡದಿದ್ದರೆ ಗಾಡಿ ಎಂದೋ ಗುಜರಿ ಸೇರುತ್ತಿತ್ತು. ಶೆಡ್ಡಿನಲ್ಲಿ ಕದಲದೆ ನಿಂತ ಶ್ರೀಮಂತರ ಮನೆಯ ಕಾರಿಗೆ ವಿಎ ಪ್ಲೇಟು ಸುಲಭವಾಗಿ ಸಿಗುತ್ತದೆ. ಟ್ಯಾಕ್ಸಿಯಾಗಿ ದುಡಿದು, ಮೂರು ಎಂಜಿನ್ ನುಂಗಿ, ಈಗಲೂ ಸಂತೆಗೆ ಹೋಗಿ ಬರುವ ಗಾಡಿಗೆ ಸಿಗುವುದಿಲ್ಲ. ನನ್ನ ಪರಿಚಯದ ಒಂದಿಬ್ಬರು ಮಾಲೀಕರು ಈ ಗೊಡವೆಯೇ ಬೇಡವೆಂದು ಮಾಮೂಲಿ ನೋಂದಣಿಯನ್ನೇ ನವೀಕರಿಸುತ್ತ, ಬದಲಿಸಿದ ಎಂಜಿನ್ನಿನ ನಂಬರನ್ನು ಆರ್‌ಸಿಯಲ್ಲಿ ಸೇರಿಸಿಕೊಂಡು ಗಾಡಿ ಓಡಿಸುತ್ತಿದ್ದಾರೆ. ಅವರ ತೀರ್ಮಾನವೇ ನನಗೆ ಸರಿ ಕಾಣುತ್ತದೆ.